‘ಟೆರಿಟರಿ’ ಎಂದರೆ ಪ್ರದೇಶವೋ ಸೀಮೆಯೋ: ಅಮೆರಿಕನ್ ಸಮೋವಾ ಬಗ್ಗೆ ಬರೆಯುವಾಗ ಎದುರಾದ ಪದಗಳು

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪೆಸಿಫಿಕ್ ಸಾಗರದ ದ್ವೀಪಗಳನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದಕ್ಕೆ ಅಮೆರಿಕನ್ ಸಮೋವಾ ಬಗ್ಗೆ ಎರಡು ಪುಟ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡೇ ಪುಟವಲ್ಲವೇ, ಒಂದು ಸಂಜೆಯಲ್ಲಿ ಮುಗಿಸಬಹುದು ಎಂದುಕೊಂಡು ಕುಳಿತವನಿಗೆ ಮೂರು ವಾರ ಕಳೆದು ಉಳಿದದ್ದನ್ನೆಲ್ಲ ಬರೆದು ಕಳಿಸಿದ್ದರೂ ಮೊದಲ ವಾಕ್ಯವೇ ಇತ್ಯರ್ಥವಾಗಿಲ್ಲ. ‘ಅಮೆರಿಕನ್ ಸಮೋವಾ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು’ ಎಂಬಲ್ಲಿಗೆ ಬಂದು ಆ ವಾಕ್ಯ ನಿಂತಿದೆ. ಮುಂದಿನ ಪದ ಯಾವುದಾಗಬೇಕು ಎಂಬುದೇ ಈ ಪತ್ರದ ಮುಖ್ಯ ಪ್ರಶ್ನೆ. ಅದರ ಬೆನ್ನಿಗೆ ಇನ್ನೂ ಕೆಲವು ಪದಗಳು ಅಂಟಿಕೊಂಡು ಬಂದಿವೆ.

ಮೊದಲು ಊರಿನ ಪರಿಚಯ. ಭೂಮಧ್ಯರೇಖೆಗೆ ದಕ್ಷಿಣದಲ್ಲಿ, ಸುಮಾರು 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ಹವಾಯಿಯಿಂದ ನ್ಯೂಜಿಲೆಂಡಿನ ಕಡೆಗೆ ಹೊರಟವರಿಗೆ ಅರ್ಧದಾರಿಗಿಂತ ಆಚೆ ಸಿಗುವ ದ್ವೀಪಗಳಿವು. ತುತುಯಿಲ, ಔನುಉ, ಓಫು, ಓಲೊಸೆಗ, ತಾಉ ಎಂಬ ಐದು ಜ್ವಾಲಾಮುಖಿ ದ್ವೀಪಗಳು, ಜೊತೆಗೆ ರೋಸ್ ಮತ್ತು ಸ್ವೇನ್ಸ್ ಎಂಬ ಎರಡು ಹವಳದ್ವೀಪಗಳು. ಎಲ್ಲ ಸೇರಿ ನೆಲದ ವಿಸ್ತಾರ ಸುಮಾರು 199 ಚದರ ಕಿಲೋಮೀಟರು ಮಾತ್ರ. 2010ರ ಜನಗಣತಿಯಲ್ಲಿ 55,519 ಇದ್ದ ಜನಸಂಖ್ಯೆ 2020ರಲ್ಲಿ 49,710ಕ್ಕೆ ಇಳಿಯಿತು, ಮತ್ತು ಅವರಲ್ಲಿ ಬಹುತೇಕ ಎಲ್ಲರೂ ಇರುವುದು ತುತುಯಿಲ ದ್ವೀಪದಲ್ಲಿ. ಆ ದ್ವೀಪದ ನಡುವನ್ನು ಬಹುಮಟ್ಟಿಗೆ ಸೀಳಿದಂತೆ ಒಳನುಗ್ಗಿರುವ ಬಂದರು ಸಮುದ್ರ ನುಗ್ಗಿದ ಹಳೆಯ ಜ್ವಾಲಾಮುಖಿಯ ಬಾಯಿ. ಆಳವಾದ, ಗಾಳಿಗೆ ಮರೆಯಾದ ಆ ಬಂದರಿಗಾಗಿಯೇ ಅಮೆರಿಕದ ನೌಕಾಪಡೆ ಅಲ್ಲಿಗೆ ಬಂದದ್ದು.

1899ರ ಒಪ್ಪಂದದಲ್ಲಿ ಬ್ರಿಟನ್ ಹಿಂದೆ ಸರಿದು, ಜರ್ಮನಿ ಸಮೋವಾದ ಪಶ್ಚಿಮದ ದ್ವೀಪಗಳನ್ನೂ ಅಮೆರಿಕ ಪೂರ್ವದವನ್ನೂ ಹಂಚಿಕೊಂಡವು. 1900ರ ಏಪ್ರಿಲ್ 17ರಂದು ತುತುಯಿಲದ ಹಿರಿಯರೂ 1904ರಲ್ಲಿ ಮನುಅ ದ್ವೀಪಗಳವರೂ (ಅಂದರೆ ಓಫು, ಓಲೊಸೆಗ, ತಾಉಗಳವರು) ದ್ವೀಪಗಳನ್ನು ಒಪ್ಪಿಸಿದ ಪತ್ರಗಳಿಗೆ ರುಜು ಹಾಕಿದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅವನ್ನು ಅಂಗೀಕರಿಸಿದ್ದು 1929ರಲ್ಲಿ. 1951ರವರೆಗೆ ನೌಕಾಪಡೆ ಆಳಿತು. ಆಮೇಲೆ ಆಡಳಿತ ‘ಇಂಟೀರಿಯರ್’ ಇಲಾಖೆಗೆ ಹೋಯಿತು. ಈ ಇಲಾಖೆಯನ್ನು ನಮ್ಮಲ್ಲಿ ಕಣ್ಣುಮುಚ್ಚಿ ‘ಗೃಹ ಇಲಾಖೆ’ ಎಂದು ಬರೆಯುವುದನ್ನು ನೋಡಿದ್ದೇನೆ, ನಾನೂ ಮೊದಲ ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ಆದರೆ ನಮ್ಮ ಕಿವಿಗೆ ಗೃಹ ಇಲಾಖೆಯೆಂದರೆ ಪೊಲೀಸು, ಕಾನೂನು ಸುವ್ಯವಸ್ಥೆ. ಅಮೆರಿಕದ ಈ ಇಲಾಖೆ ನೋಡಿಕೊಳ್ಳುವುದು ಸರ್ಕಾರಿ ಭೂಮಿ, ರಾಷ್ಟ್ರೀಯ ಉದ್ಯಾನ, ಖನಿಜ, ಹಾಗೂ ಇಂಥ ದ್ವೀಪಗಳನ್ನು. ‘ಒಳನಾಡು ಇಲಾಖೆ’ ಎಂದು ತಿದ್ದಿಕೊಂಡಿದ್ದೇನೆ. ಸಮುದ್ರದ ನಡುವಿನ ದ್ವೀಪಗಳನ್ನು ಒಳನಾಡು ಇಲಾಖೆ ಆಳುತ್ತದೆ ಎಂದರೆ ಮಕ್ಕಳು ನಕ್ಕಾರು, ಆದರೆ ಮೂಲದಲ್ಲಿಯೂ ಆ ನಗೆ ಇದ್ದೇ ಇದೆ.

ಇನ್ನು ‘ಟೆರಿಟರಿ’. ನಿಘಂಟುಗಳಲ್ಲಿ ಕಾಣುವ ‘ಪ್ರದೇಶ’ ಎಂಬ ಅರ್ಥ ತಪ್ಪಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಮಲೆನಾಡೂ ಪ್ರದೇಶವೇ, ತಗ್ಗು ಪ್ರದೇಶವೂ ಪ್ರದೇಶವೇ. ‘ಕೇಂದ್ರಾಡಳಿತ ಪ್ರದೇಶ’ ಎಂಬುದು ಮಕ್ಕಳಿಗೆ ಪರಿಚಿತವಾದ್ದರಿಂದ ಅದನ್ನೇ ಬಳಸಿ ಎಂದು ಸಂಪಾದಕರು ಸೂಚಿಸಿದರು. ನನಗೆ ಅದು ಒಪ್ಪಿಗೆಯಿಲ್ಲ. ಲಕ್ಷದ್ವೀಪ ನಮ್ಮ ಕೇಂದ್ರಾಡಳಿತ ಪ್ರದೇಶ. ಅದರ ಅಮಿನಿದಿವಿ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿಯೇ ಇದ್ದವು. ಅಲ್ಲಿ ಹುಟ್ಟಿದವರು ಭಾರತದ ಪೌರರು, ಅವರು ಲೋಕಸಭೆಗೆ ಸದಸ್ಯರನ್ನು ಆರಿಸಿ ಕಳಿಸುತ್ತಾರೆ, ಆ ಸದಸ್ಯರಿಗೆ ಎಲ್ಲರಂತೆ ಮತವಿದೆ. ಅಮೆರಿಕನ್ ಸಮೋವಾದ ಜನ ಅಮೆರಿಕದ ಅಧ್ಯಕ್ಷರ ಆಯ್ಕೆಯಲ್ಲಿ ಮತ ಹಾಕುವಂತಿಲ್ಲ. ಅವರು ಕಾಂಗ್ರೆಸ್ಸಿನ ಕೆಳಮನೆಗೆ ಕಳಿಸುವ ಒಬ್ಬ ಪ್ರತಿನಿಧಿ ಸಮಿತಿಗಳಲ್ಲಿ ಮತ ಹಾಕಬಹುದೇ ಹೊರತು ಮಸೂದೆಯ ಅಂತಿಮ ಮತದಾನದಲ್ಲಿ ಅಲ್ಲ. ಒಂದೇ ಪದವನ್ನು ಎರಡಕ್ಕೂ ಹಚ್ಚಿದರೆ ಮಕ್ಕಳು ಇಷ್ಟು ದೊಡ್ಡ ಅಂತರವನ್ನೇ ಕಾಣದೆ ಹೋಗುತ್ತಾರೆ.

‘ವಸಾಹತು’ ಎನ್ನೋಣವೇ ಎಂದರೆ, ವಿಶ್ವಸಂಸ್ಥೆಯ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಯಲ್ಲಿ ಅಮೆರಿಕನ್ ಸಮೋವಾ ಇಂದಿಗೂ ಇರುವುದರಿಂದ ಅದಕ್ಕೆ ಆಧಾರವೇನೋ ಇದೆ. ಆದರೆ ವಸಾಹತು ಎಂಬ ಪದದ ಹೊಟ್ಟೆಯಲ್ಲಿ ಬಂದು ನೆಲೆಸುವ ಅರ್ಥವಿದೆ, ಅದಕ್ಕೇ ನಾವು ‘ಕೈಗಾರಿಕಾ ವಸಾಹತು’ ಎಂದು ಫಲಕ ಬರೆಸುತ್ತೇವೆ. ಈ ದ್ವೀಪಗಳಿಗೆ ಅಮೆರಿಕದವರು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿ ಜಮೀನು ಹಿಡಿಯಲಿಲ್ಲ. ಬಹುಪಾಲು ನೆಲ ಇಂದಿಗೂ ಸಮೋವನ್ ಮನೆತನಗಳ ಒಟ್ಟು ಆಸ್ತಿಯಾಗಿಯೇ ಉಳಿದಿದೆ, ಹೊರಗಿನವರಿಗೆ ಅದನ್ನು ಮಾರುವುದಕ್ಕೆ ಕಾನೂನಿನ ತಡೆಯಿದೆ.

ಹೀಗೆ ಹುಡುಕುತ್ತ ನಾನು ನಿಂತಿರುವುದು ‘ಸೀಮೆ’ ಎಂಬಲ್ಲಿ. 1901ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದಿಂದ ಬಂದ ಸರಕಿನ ಸುಂಕದ ಮೊಕದ್ದಮೆಯೊಂದು ಬಂದಾಗ, ಹೊಸದಾಗಿ ಸಿಕ್ಕ ದ್ವೀಪಗಳು ದೇಶದೊಳಗಿನವೋ ಹೊರಗಿನವೋ ಎಂಬ ಪ್ರಶ್ನೆ ಎದ್ದಿತು. ನ್ಯಾಯಮೂರ್ತಿ ವೈಟ್ ಅವರು ತಮ್ಮ ಅಭಿಪ್ರಾಯದಲ್ಲಿ, ಅಂತರರಾಷ್ಟ್ರೀಯವಾಗಿ ನೋಡಿದರೆ ಆ ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ದೇಶದ ಒಳಗಿನ ವ್ಯವಹಾರದ ಮಟ್ಟಿಗೆ ಅದು ಹೊರಗಿನದು ಎಂಬರ್ಥದ ಮಾತು ಬರೆದರು. ಒಡೆತನ ನಮ್ಮದು, ಮನೆ ನಮ್ಮದಲ್ಲ ಎಂಬಂಥ ಈ ಇಬ್ಬಂದಿಯನ್ನು ಹೊರುವ ಪದ ಕನ್ನಡದಲ್ಲಿ ಆಗಲೇ ಇದೆಯಲ್ಲ ಎಂದು ನನಗೆ ಹೊಳೆದದ್ದು ಕಾಫಿ ಕುಡಿಯುತ್ತ ಕುಳಿತಾಗ. ಬಯಲುಸೀಮೆ, ಹಳೇ ಮೈಸೂರು ಸೀಮೆ ಎಂದಾಗ ಸೀಮೆ ನಮ್ಮ ನಾಡಿನದೇ ತುಂಡು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಎಂದಾಗ ಅದೇ ಸೀಮೆ ಕಡಲಾಚೆಯ ಪರದೇಶ. ಒಂದೇ ಪದ ಒಳಗನ್ನೂ ಹೇಳುತ್ತದೆ, ಹೊರಗನ್ನೂ ಹೇಳುತ್ತದೆ. ಆದ್ದರಿಂದ ‘ಅಧೀನ ಸೀಮೆ’ ಎಂದು ಬರೆಯಬೇಕೆಂಬುದು ನನ್ನ ಆಸೆ. ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗಿಗೆ ಓದಲು ಕೊಟ್ಟೆ. ಅವಳು ‘ಅಧೀನ’ದ ಮೇಲೆ ಬೆರಳಿಟ್ಟು, ‘ಇದು ಗೊತ್ತಾಯಿತು, ಸೀಮೆ ಅಂದರೆ ಹಳ್ಳಿ ಕಡೆಯಾ ಅಂಕಲ್?’ ಎಂದು ಕೇಳಿದಳು. ಅಂದಿನಿಂದ ನನ್ನ ಧೈರ್ಯ ಸ್ವಲ್ಪ ಕುಂದಿದೆ. ‘ಅಧೀನ ಪ್ರದೇಶ’ ಎಂಬ ಸಪ್ಪೆ ಪದಕ್ಕೇ ಮರಳಬೇಕೇ, ಸೀಮೆಯನ್ನು ಉಳಿಸಿಕೊಳ್ಳಬಹುದೇ ಎಂಬುದನ್ನು ತಾವು ಹೇಳಬೇಕು.

ಕಾನೂನಿನ ಭಾಷೆಯಲ್ಲಿ ಈ ಟೆರಿಟರಿಗೆ ಎರಡು ವಿಶೇಷಣಗಳಿವೆ. ಮೊದಲನೆಯದು ‘ಅನ್‌ಇನ್‌ಕಾರ್ಪೊರೇಟೆಡ್’, ಅಂದರೆ ಅಮೆರಿಕದ ಸಂವಿಧಾನ ಅಲ್ಲಿ ಇಡಿಯಾಗಿ ಅನ್ವಯಿಸುವುದಿಲ್ಲ. ಇದಕ್ಕೆ ‘ವಿಲೀನವಾಗದ’ ಎಂಬುದು ಚೆನ್ನಾಗಿ ಹೊಂದುತ್ತದೆ. ದೇಶೀಯ ಸಂಸ್ಥಾನಗಳ ವಿಲೀನದ ಪಾಠ ಓದಿದ ಮಕ್ಕಳಿಗೆ ವಿವರಿಸುವ ಅಗತ್ಯವೂ ಬೀಳದು. ತೊಡಕಿರುವುದು ಎರಡನೆಯ ‘ಅನ್‌ಆರ್ಗನೈಜ್ಡ್’ ಎಂಬುದರಲ್ಲಿ. ಇದನ್ನು ‘ಅಸಂಘಟಿತ’ ಎಂದರೆ ಅಸಂಘಟಿತ ಕಾರ್ಮಿಕರ ನೆನಪಾಗುತ್ತದೆ, ಅಥವಾ ಅಲ್ಲಿ ಆಡಳಿತವೇ ಇಲ್ಲವೇನೋ ಅನಿಸುತ್ತದೆ. ವಾಸ್ತವದಲ್ಲಿ ಅಲ್ಲಿ 1967ರ ಸಂವಿಧಾನವಿದೆ, 1977ರ ಚುನಾವಣೆಯಿಂದೀಚೆಗೆ ಜನರೇ ಆರಿಸುವ ಗವರ್ನರ್ ಇದ್ದಾರೆ, ಎರಡು ಮನೆಗಳ ಶಾಸನಸಭೆಯಿದೆ. ಇಲ್ಲದಿರುವುದು ಒಂದೇ: ಆ ಸರ್ಕಾರವನ್ನು ಸ್ಥಾಪಿಸುವ, ಆರ್ಗ್ಯಾನಿಕ್ ಆಕ್ಟ್ ಎಂದು ಅವರು ಕರೆಯುವ ಕಾಂಗ್ರೆಸ್ಸಿನ ಕಾಯಿದೆ. ಪೆಸಿಫಿಕ್ಕಿನಲ್ಲಿ ಅಮೆರಿಕದ ಇನ್ನೊಂದು ಟೆರಿಟರಿಯಾದ ಗುವಾಂಗೆ ಅಂಥ ಕಾಯಿದೆ 1950ರಲ್ಲಿ ಬಂತು, ಅದರೊಂದಿಗೆ ಪೌರತ್ವವೂ ಬಂತು. ಹಾಗಾಗಿ ‘ಸ್ಥಾಪನಾ ಕಾಯಿದೆ ಇಲ್ಲದ’ ಎಂದು ಬಿಡಿಸಿ ಬರೆಯುವುದೇ ಲೇಸು ಎಂದುಕೊಂಡಿದ್ದೇನೆ. ಪಾರಿಭಾಷಿಕ ಪದವೆಂದರೆ ಒಂದೇ ಪದವಾಗಿರಬೇಕು ಎಂಬ ಹಟ ನನಗಿಲ್ಲ.

ಪೌರತ್ವದ ಮಾತು ಬಂದದ್ದರಿಂದ, ಎಲ್ಲಕ್ಕಿಂತ ಹೆಚ್ಚು ಕಾಡಿದ ಪದಜೋಡಿಯನ್ನು ತಮ್ಮ ಮುಂದಿಡುತ್ತೇನೆ. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು, ತಂದೆತಾಯಿಯರಲ್ಲಿ ಒಬ್ಬರಾದರೂ ಅಮೆರಿಕದ ಪೌರರಾಗಿದ್ದ ಸಂದರ್ಭ ಬಿಟ್ಟರೆ, ಅಮೆರಿಕದ ‘ನ್ಯಾಷನಲ್’ ಆಗುತ್ತಾರೆ, ‘ಸಿಟಿಜನ್’ ಆಗುವುದಿಲ್ಲ. ಅವರಿಗೆ ಸಿಗುವ ಪಾಸ್‌ಪೋರ್ಟ್ ಹೊರನೋಟಕ್ಕೆ ಅಮೆರಿಕದ ಉಳಿದ ಪಾಸ್‌ಪೋರ್ಟುಗಳಂತೆಯೇ ಇರುತ್ತದೆ. ಒಳಗೆ ಮಾತ್ರ, ಇದನ್ನು ಹೊಂದಿರುವವರು ಅಮೆರಿಕದ ನ್ಯಾಷನಲ್, ಸಿಟಿಜನ್ ಅಲ್ಲ ಎಂಬ ಒಂದು ಸಾಲು ಅಚ್ಚಾಗಿರುತ್ತದೆ. ವೀಸಾ ಇಲ್ಲದೆ ಅಮೆರಿಕದ ಯಾವ ರಾಜ್ಯಕ್ಕಾದರೂ ಹೋಗಿ ನೆಲೆಸಬಹುದು, ದುಡಿಯಬಹುದು, ಸೇನೆಗೆ ಸೇರಬಹುದು. ಆದರೆ ಹಾಗೆ ಹೋದ ಮೇಲೆಯೂ ಪೌರತ್ವಕ್ಕೆ ಅರ್ಜಿ ಹಾಕಿ ಪಡೆಯುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ.

ಪಾಸ್‌ಪೋರ್ಟಿನ ಆ ಒಂದು ಸಾಲನ್ನು ಕನ್ನಡಕ್ಕೆ ತರುವುದು ಹೇಗೆ? ಪ್ರಜೆ, ನಾಗರಿಕ, ಪೌರ ಎಂಬ ಮೂರನ್ನೂ ನಾವು ಬೇಕಾದಂತೆ ಅದಲುಬದಲು ಮಾಡುತ್ತೇವೆ. ‘ಭಾರತೀಯ ಪ್ರಜೆ’ ಎನ್ನುತ್ತೇವೆ; ವಯಸ್ಸಾದವರನ್ನು ‘ಹಿರಿಯ ನಾಗರಿಕ’ ಎನ್ನುತ್ತೇವೆಯೇ ಹೊರತು ಹಿರಿಯ ಪ್ರಜೆ ಎನ್ನುವುದಿಲ್ಲ; ಕಾಯಿದೆಯ ಮಾತು ಬಂದರೆ ‘ಪೌರತ್ವ’ ಎನ್ನುತ್ತೇವೆ, ಆದರೆ ಒಬ್ಬ ವ್ಯಕ್ತಿಯನ್ನು ‘ಪೌರ’ ಎಂದು ಕರೆಯುವುದು ಅಪರೂಪ, ‘ಪೌರಕಾರ್ಮಿಕ’ದಂಥ ಸಮಾಸದಲ್ಲಿ ಅದು ಊರಿಗೇ ಅಂಟಿಕೊಂಡಿದೆ. ‘ರಾಷ್ಟ್ರೀಯ’ ಎಂಬುದು ಗುಣವಾಚಕವಾಗಿ ಗಟ್ಟಿಯಾಗಿಬಿಟ್ಟಿದೆ, ಅದನ್ನು ವ್ಯಕ್ತಿಗೆ ಹಚ್ಚಿದರೆ ಅವನು ರಾಷ್ಟ್ರೀಯ ಹೆದ್ದಾರಿಯ ತಮ್ಮನಂತೆ ಕಾಣುತ್ತಾನೆ. ನನಗೆ ತೋಚಿದ ದಾರಿ ಇದು: ನ್ಯಾಷನಲ್ ಎಂಬುದಕ್ಕೆ ‘ಪ್ರಜೆ’, ಸಿಟಿಜನ್ ಎಂಬುದಕ್ಕೆ ‘ಪೌರತ್ವ ಉಳ್ಳವರು’. ಪ್ರಜೆ ಎಂಬುದಕ್ಕೆ ಸಂತಾನ ಎಂಬ ಹಳೆಯ ಅರ್ಥವಿದೆ, ಅದರ ಮೇಲೆ ರಾಜನಿಗೆ ನಿಷ್ಠನಾದವನು ಎಂಬ ಅರ್ಥ ಬೆಳೆದಿದೆ. ಅಮೆರಿಕದ ಕಾನೂನು ನ್ಯಾಷನಲ್ ಎಂಬುದನ್ನು ವಿವರಿಸುವಾಗ ದೇಶಕ್ಕೆ ಶಾಶ್ವತ ನಿಷ್ಠೆ ಸಲ್ಲಿಸಬೇಕಾದವರು ಎಂದೇ ಹೇಳುತ್ತದೆ. ಪ್ರಜಾಪ್ರಭುತ್ವದಲ್ಲಿ ‘ಪ್ರಜೆ’ಯೇ ಪ್ರಭು, ಇಲ್ಲಿ ಅದನ್ನು ಮತವಿಲ್ಲದವರಿಗೆ ಬಳಸುವುದು ವಿಪರ್ಯಾಸ ಎಂದು ಯಾರಾದರೂ ಆಕ್ಷೇಪಿಸಿದರೆ ನನ್ನಲ್ಲಿ ಉತ್ತರವಿಲ್ಲ.

ಪೌರತ್ವವಿಲ್ಲದ್ದನ್ನು ಅಲ್ಲಿನವರೆಲ್ಲ ಅನ್ಯಾಯವೆಂದೇ ತಿಳಿದಿದ್ದಾರೆ ಎಂದು ಬರೆಯುವಂತೆಯೂ ಇಲ್ಲ. ಹುಟ್ಟಿನಿಂದಲೇ ಪೌರತ್ವ ಬೇಕೆಂದು ಕೆಲವರು ನ್ಯಾಯಾಲಯಕ್ಕೆ ಹೋದಾಗ, ಅಮೆರಿಕನ್ ಸಮೋವಾದ ಸರ್ಕಾರವೇ ಅದನ್ನು ವಿರೋಧಿಸಿತು. ಸಂವಿಧಾನ ಪೂರ್ತಿಯಾಗಿ ಅನ್ವಯಿಸಿದರೆ ಮನೆತನದ ನೆಲವನ್ನು ಹೊರಗಿನವರಿಗೆ ಮಾರದಂತೆ ಕಾಯುವ ಕಾನೂನು ಉಳಿಯದು ಎಂಬುದು ಅದರ ಅಳುಕು. 2022ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಆ ನೆಲವನ್ನು ನೋಡಿಕೊಳ್ಳುವವರು ‘ಮತಾಯಿ’. ಅವರನ್ನು ‘ಬುಡಕಟ್ಟು ನಾಯಕ’ ಎಂದು ಬರೆಯುವ ಅಭ್ಯಾಸವನ್ನು ಬಿಡೋಣ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮತಾಯಿ ಎಂಬುದು ಒಂದು ವಿಸ್ತೃತ ಕುಟುಂಬದವರೆಲ್ಲ ಕೂಡಿ ಒಪ್ಪಿ ಕೊಡುವ ಹೆಸರು ಮತ್ತು ಹೊಣೆ. ಅವರು ಒಟ್ಟು ಆಸ್ತಿಯ ಮಾಲೀಕರಲ್ಲ, ಪಾಲಕರು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಒಡೆಯದ ಆಸ್ತಿಯನ್ನು ನಡೆಸುತ್ತಿದ್ದ ‘ಯಜಮಾನ’ ಈ ಅರ್ಥಕ್ಕೆ ಬಹಳ ಹತ್ತಿರ. ಶಾಸನಸಭೆಯ ಮೇಲ್ಮನೆಯ 18 ಸದಸ್ಯರೂ ಮತಾಯಿಗಳೇ ಆಗಿರಬೇಕು, ಅವರನ್ನು ಸಮೋವನ್ ಸಂಪ್ರದಾಯದಂತೆ ಕೌಂಟಿಗಳ ಸಭೆಗಳು ಆರಿಸುತ್ತವೆ; ಕೆಳಮನೆಯ 20 ಸದಸ್ಯರನ್ನು ಜನ ಮತ ಹಾಕಿ ಆರಿಸುತ್ತಾರೆ, ಸ್ವೇನ್ಸ್ ದ್ವೀಪದಿಂದ ಮತವಿಲ್ಲದ ಒಬ್ಬ ಪ್ರತಿನಿಧಿ ಬರುತ್ತಾರೆ. ಇಡೀ ಶಾಸನಸಭೆಗೆ ‘ಫೋನೊ’ ಎಂದು ಹೆಸರು. ಸಭೆ ಎಂಬುದೇ ಅದರ ಅರ್ಥವಾದ್ದರಿಂದ ‘ಫೋನೊ ಸಭೆ’ ಎಂದು ಬರೆದರೆ ನಡುಮಧ್ಯ, ಗೇಟುಬಾಗಿಲಿನ ಸಾಲಿಗೆ ಇನ್ನೊಂದು ಸೇರುತ್ತದೆ.

ಕೊನೆಯದು ಕಾಗುಣಿತದ ಪ್ರಶ್ನೆ. ಸಮೋವನ್ ಭಾಷೆಯ ರೋಮನ್ ಬರಹದಲ್ಲಿ ‘ಜಿ’ ಅಕ್ಷರದ ಉಚ್ಚಾರ ಗಕಾರವಲ್ಲ, ನಮ್ಮ ಙಕಾರ. ನಾವು ‘ಪಾಗೊ ಪಾಗೊ’ ಎಂದು ಬರೆಯುವ ಬಂದರಿನ ಊರಿನ ಹೆಸರು ಅವರ ಬಾಯಲ್ಲಿ ‘ಪಙೊ ಪಙೊ’. ಶಾಸನಸಭೆ ಸೇರುವ ಊರು ‘ಫಙತೊಙೊ’. ಮೇಲೆ ಬರೆದ ಓಲೊಸೆಗ ಕೂಡ ‘ಓಲೊಸೆಙ’ ಆಗಬೇಕು. ಕುಟುಂಬಕ್ಕೆ ಅವರು ಹೇಳುವುದು ‘ಆಯಿಙ’. ಇಂಗ್ಲಿಷಿನವರು ಎರಡು ಅಕ್ಷರ ಕೂಡಿಸಿ ಒದ್ದಾಡುವ ಈ ಧ್ವನಿಗೆ ನಮ್ಮಲ್ಲಿ ಒಂದಿಡೀ ಅಕ್ಷರವಿದೆ. ಒಂದನೆಯ ತರಗತಿಯಲ್ಲಿ ಕ ಖ ಗ ಘ ಆದ ಮೇಲೆ ರಾಗವೆಳೆದು ಹೇಳಿ, ಆಮೇಲೆ ಜೀವಮಾನವಿಡೀ ಬರೆಯದೆ ಉಳಿಸುವ ಅಕ್ಷರ. ಅದಕ್ಕೆ ಕೊನೆಗೂ ಒಂದು ಊರು ಸಿಕ್ಕಿತೆಂದು ಹಿಗ್ಗಿ ಕರಡಿನಲ್ಲೆಲ್ಲ ‘ಪಙೊ ಪಙೊ’ ಎಂದೇ ಬರೆದು ಕಳಿಸಿದೆ. ಅಚ್ಚಿನ ಕರಡು ಬಂದಾಗ ಎಲ್ಲ ಕಡೆಯೂ ‘ಪಜೊ ಪಜೊ’ ಆಗಿತ್ತು. ಅಕ್ಷರ ಜೋಡಿಸಿದವರು ನನ್ನ ಕೈಬರಹದ ತಪ್ಪೆಂದು ತಿಳಿದು ಪ್ರೀತಿಯಿಂದ ತಿದ್ದಿದ್ದರು. ಎರಡನೆಯ ಸಲ ವಿವರಿಸಿ ಕಳಿಸಿದೆ. ಈ ಬಾರಿ ಙಕಾರ ಬಂದಿದೆ, ಆದರೆ ಅದಕ್ಕೆ ಒಕಾರ ಹತ್ತಿದ ರೂಪ ಅವರ ಅಕ್ಷರಶೈಲಿಯಲ್ಲಿ ಇಲ್ಲದೆ, ಕೊಂಬು ಬೇರೆ, ಅಕ್ಷರ ಬೇರೆ ಆಗಿ ನಿಂತಿವೆ. ತಮ್ಮಲ್ಲಿ ಯಾರಾದರೂ ಙಕಾರದ ಗುಣಿತಾಕ್ಷರಗಳನ್ನು ಪುಸ್ತಕದ ಒಳಪುಟದಲ್ಲಿ ಸರಿಯಾಗಿ ಅಚ್ಚು ಹಾಕಿಸಿದ್ದರೆ, ಯಾವ ಅಕ್ಷರಶೈಲಿಯನ್ನು ಬಳಸಿದಿರಿ ಎಂದು ದಯವಿಟ್ಟು ತಿಳಿಸಿ. ಆಗದಿದ್ದರೆ ‘ಪಾಂಗೊ ಪಾಂಗೊ’ ಎಂದು ಸೊನ್ನೆ ಇಟ್ಟು ಬರೆಯುವವನಿದ್ದೇನೆ.