4ಕೆ 60 ಹರ್ಟ್ಜ್‌ಗೆ ಇಟ್ಟರೆ ಟಿವಿ ಆಗಾಗ ಕಪ್ಪಾಗುತ್ತದೆ

ಪ್ರಶ್ನೆ:
ಕಂಪ್ಯೂಟರಿನಿಂದ 4ಕೆ ಟಿವಿಗೆ ಎಚ್‌ಡಿಎಂಐ ಹಾಕಿದ್ದೇನೆ. 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವಂತೆ) ಇಟ್ಟರೆ ಐದು ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ, ಎರಡು ಸೆಕೆಂಡ್ ಬಿಟ್ಟು ವಾಪಸ್ ಬರುತ್ತದೆ. ಧ್ವನಿಯೂ ಜೊತೆಗೇ ಹೋಗುತ್ತದೆ. 30 ಹರ್ಟ್ಜ್‌ಗೆ ಇಳಿಸಿದರೆ ತೊಂದರೆಯೇ ಇಲ್ಲ, ಆದರೆ ಮೌಸ್ ಬಾಣ ತಡವರಿಸುತ್ತದೆ. ಡ್ರೈವರ್ ಎರಡು ಸಲ ತೆಗೆದು ಹಾಕಿದೆ. ಟಿವಿ ಕೆಟ್ಟಿದೆಯಾ?

ಉತ್ತರ:
ಟಿವಿ ಮೇಲೆ ಈಗಲೇ ಅನುಮಾನ ಬೇಡ. 30ರಲ್ಲಿ ಸರಿ, 60ರಲ್ಲಿ ಇಲ್ಲ ಅಂದರೆ ಮೊದಲು ಹಿಡಿಯಬೇಕಾದ್ದು ಕೇಬಲ್. 4ಕೆ 30ಕ್ಕೆ ಕೇಬಲ್ ಸೆಕೆಂಡಿಗೆ ಸುಮಾರು 9 ಗಿಗಾಬಿಟ್ ಮಾಹಿತಿ ಸಾಗಿಸಿದರೆ ಸಾಕು. 60ಕ್ಕೆ ಅದರ ಎರಡರಷ್ಟು, ಹತ್ತಿರಹತ್ತಿರ 18 ಬೇಕು. ಒಂದು ಕೆಲಸ ಮಾಡಿ. ಪೂರ್ತಿ ಕಡು ಬಣ್ಣದ ಚಿತ್ರವೊಂದನ್ನು ಹಾಕಿ, ಪರದೆಯ ಹತ್ತಿರ ಹೋಗಿ ನೋಡಿ. ಸೂಜಿಮೊನೆಯಷ್ಟು ಬಿಳಿ ಚುಕ್ಕಿಗಳು ಮಿಂಚಿ ಮಾಯವಾಗ್ತವಾ? ಕೇಬಲ್ ಎಷ್ಟು ಉದ್ದ ಇದೆ?

ಪ್ರಶ್ನೆ ಕೇಳಿದವರು:
ಹೌದು, ಚುಕ್ಕಿ ಇವೆ! ಇಷ್ಟು ದಿನ ಗಮನಿಸಿರಲೇ ಇಲ್ಲ. ಕೇಬಲ್ 10 ಮೀಟರ್, ಗೋಡೆಯೊಳಗೆ ಹೋಗಿದೆ.

ಉತ್ತರ:
ಹಾಗಾದರೆ ಅಲ್ಲೇ ಇದೆ ನೋಡಿ. ತಾಮ್ರದ ತಂತಿ ಉದ್ದ ಆದಷ್ಟೂ ಸಿಗ್ನಲ್ ಸೊರಗುತ್ತದೆ. ಸ್ವಲ್ಪ ತಪ್ಪಿದರೆ ಚುಕ್ಕಿ, ಜಾಸ್ತಿ ತಪ್ಪಿದರೆ ಪರದೆಯೇ ಕಪ್ಪು. ಖಚಿತ ಮಾಡಿಕೊಳ್ಳಲು ಕಂಪ್ಯೂಟರನ್ನು ಟಿವಿ ಪಕ್ಕಕ್ಕೇ ಒಯ್ದು 2 ಮೀಟರ್ ಕೇಬಲ್ ಹಾಕಿ ನೋಡಿ.

ಹೊಸ ಕೇಬಲ್ ತಗೊಳ್ಳುವಾಗ ಸುಮ್ನೆ ‘2.0’ ಅಂತ ಆವೃತ್ತಿ ಸಂಖ್ಯೆ ಬರೆದಿದ್ದನ್ನು ನಂಬಬೇಡಿ. ‘ಪ್ರೀಮಿಯಂ ಹೈ ಸ್ಪೀಡ್’ ಅಂದರೆ 18 ಗಿಗಾಬಿಟ್‌ಗೆ ಪರೀಕ್ಷೆಯಾದದ್ದು, ‘ಅಲ್ಟ್ರಾ ಹೈ ಸ್ಪೀಡ್’ ಅಂದರೆ 48ಕ್ಕೆ. ಚಿನ್ನದ ಲೇಪನಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ಅದರಿಂದ ಬಣ್ಣ ಚೆನ್ನಾಗಿ ಬರುವುದಿಲ್ಲ. ನಿಮ್ಮ 10 ಮೀಟರ್‌ಗೆ ನಾನಾಗಿದ್ದರೆ ಆಪ್ಟಿಕಲ್ ಎಚ್‌ಡಿಎಂಐ ಹಾಕುತ್ತಿದ್ದೆ. ಅದರಲ್ಲಿ ಸಿಗ್ನಲ್ ತಾಮ್ರದ ಬದಲು ಬೆಳಕಿನ ಎಳೆಯಲ್ಲಿ ಹೋಗುತ್ತದೆ. ಅದಕ್ಕೆ ದಿಕ್ಕು ಇರುತ್ತದೆ. ‘ಸೋರ್ಸ್’ ಅಂತ ಬರೆದ ತುದಿ ಕಂಪ್ಯೂಟರಿಗೆ, ‘ಡಿಸ್‌ಪ್ಲೇ’ ತುದಿ ಟಿವಿಗೆ. ತಿರುಗಾಮುರುಗಾ ಹಾಕಿದರೆ ಚಿತ್ರವೇ ಬರುವುದಿಲ್ಲ. ದಯವಿಟ್ಟು ಗೋಡೆಯೊಳಗೆ ಎಳೆಯುವ ಮುಂಚೆ ನೆಲದ ಮೇಲೆ ಹಾಸಿ ಒಂದು ದಿನ ಓಡಿಸಿ ನೋಡಿ.

ಅಲ್ಲಿಯವರೆಗೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಬಣ್ಣವನ್ನು 4:2:0 ಮಾಡಿ, ಅಂದರೆ ಬಣ್ಣದ ವಿವರ ಕಡಿಮೆ ಮಾಡಿ ಕಳಿಸುವ ವಿಧಾನ. ಬೇಕಾಗುವ ವೇಗ ಅರ್ಧಕ್ಕೆ ಇಳಿಯುತ್ತದೆ. ಸಿನಿಮಾಗೆ ಏನೂ ಗೊತ್ತಾಗಲ್ಲ, ಸಣ್ಣ ಅಕ್ಷರಗಳ ಅಂಚು ಮಾತ್ರ ಮಸುಕಾಗುತ್ತದೆ.

ಪ್ರಶ್ನೆ ಕೇಳಿದವರು:
2 ಮೀಟರ್ ಕೇಬಲ್‌ನಲ್ಲಿ ಇಡೀ ಸಂಜೆ ಓಡಿಸಿದೆ. ಒಂದು ಸಲವೂ ಕಪ್ಪಾಗಲಿಲ್ಲ, ಚುಕ್ಕಿಯೂ ಇಲ್ಲ. ತುಂಬಾ ಥ್ಯಾಂಕ್ಸ್. ಆಪ್ಟಿಕಲ್ ತರಿಸುತ್ತೇನೆ. ಸೌಂಡ್‌ಬಾರ್ ಎಆರ್‌ಸಿ ಪೋರ್ಟ್‌ನಲ್ಲಿದೆ, ಆ ಕೇಬಲನ್ನೂ ಬದಲಿಸಬೇಕಾ?

ಉತ್ತರ:
ಬೇಡ. ಎಆರ್‌ಸಿಯಲ್ಲಿ ಟಿವಿಯಿಂದ ಸೌಂಡ್‌ಬಾರ್‌ಗೆ ಹೋಗುವುದು ಧ್ವನಿ ಮಾತ್ರ. ಈಗ ಸರಿಯಾಗಿ ಕೇಳುತ್ತಿದ್ದರೆ ಅದನ್ನು ಮುಟ್ಟಲೇಬೇಡಿ.