ದಿನಾ ಕಿತ್ತರೂ ನಾಯಿಗೆ ಮತ್ತೆ ಉಣ್ಣಿ, ಏನು ಮಾಡೋದು?

ಕೆಲಗೇರಿ ಹುಡುಗ:
ನಮ್ಮ ಗುಂಡ ಬೀದಿಯಿಂದ ತಂದ ಮರಿ, ಈಗ ಎರಡು ವರ್ಷ, 14 ಕೆಜಿ. ಒಂದು ತಿಂಗಳಿಂದ ಉಣ್ಣಿ ಕಾಟ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬೆಲ್ಟಿನ ಕೆಳಗೆ, ಕೈ ಹಾಕಿದಲ್ಲೆಲ್ಲ ಸಿಗುತ್ತವೆ. ರಾತ್ರಿ ಊಟ ಆದಮೇಲೆ ನಾನು, ಅವ್ವ ಟಾರ್ಚ್ ಹಿಡಿದು ಕೀಳೋದೇ ಕೆಲಸ. ನಿನ್ನೆ ಎಣಿಸಿದೆ, 31. ಬೆಳಿಗ್ಗೆ ನೋಡಿದರೆ ಮತ್ತೆ ಹತ್ತಿರುತ್ತವೆ. ಸೋಪು, ಪೌಡರ್ ಎಲ್ಲ ಆಯ್ತು. ಪಕ್ಕದ ಮನೆ ಎಮ್ಮೆಯಿಂದಲೇ ಬರೋದು ಅಂತ ಅವ್ವ ಅವರ ಜೊತೆ ಜಗಳಕ್ಕೆ ನಿಂತಿದ್ದಾಳೆ. ದನದ ಔಷಧಿ ಹಚ್ಚು ಅಂತಾರೆ ಕಾಕಾ. ಗೊತ್ತಿದ್ದವರು ಹೇಳ್ರಿ.

ಮಾಳಮಡ್ಡಿ ಅಕ್ಕ:
ತಮ್ಮಾ, ಮೊದಲು ಅವ್ವನ ಜಗಳ ಬಿಡಿಸು. ಎಮ್ಮೆ ಉಣ್ಣಿ ಬೇರೆ, ನಾಯಿ ಉಣ್ಣಿ ಬೇರೆ. ನಾಯಿಯ ಕಂದು ಉಣ್ಣಿ ಮನೆಯೊಳಗೇ ಸಂಸಾರ ಹೂಡುತ್ತೆ. ರಕ್ತ ಕುಡಿದು ಉದುರುತ್ತೆ, ಪೊರೆ ಬಿಟ್ಟು ಮತ್ತೆ ಹತ್ತುತ್ತೆ, ಹೀಗೆ ಮೂರು ಸಲ. ಕೊನೆಗೆ ಹೆಣ್ಣು ಗೋಡೆ ಸಂದಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ನೀನು ಕೀಳ್ತಿರೋದು ಊಟಕ್ಕೆ ಬಂದವನ್ನ ಮಾತ್ರ.

ನಮ್ಮದು ಹಳೇ ಹಂಚಿನ ಮನೆ. ಒಂದು ರಾತ್ರಿ ಪಡಸಾಲೆ ಬಾಗಿಲ ಚೌಕಟ್ಟಿಗೆ ಟಾರ್ಚ್ ಬಿಟ್ಟು ನೋಡಿದೆ. ಕಟ್ಟಿಗೆಗೂ ಗೋಡೆಗೂ ನಡುವೆ ಔಡಲ ಬೀಜ ತುರುಕಿಟ್ಟ ಹಾಗೆ ದಪ್ಪ ದಪ್ಪ ಕೂತಿದ್ದವು, ಪಕ್ಕದಲ್ಲೇ ಸಾಸಿವೆಗಿಂತ ಸಣ್ಣ ಮರಿಗಳು ಮೇಲೆ ಹತ್ತುತ್ತಿದ್ದವು. ಮೈ ಜುಮ್ಮೆಂದಿತು. ಸಂದಿಗೆಲ್ಲ ಸಿಮೆಂಟ್ ಮೆತ್ತಿಸಿದೆವು, ನಾಯಿ ಮಲಗೋ ಗೋಣಿಚೀಲ ಸುಟ್ಟೆವು, ಔಷಧಿ ಹೊಡೆಯೋರನ್ನು ಕರೆಸಿದೆವು. ಅದು ಒಣಗುವ ತನಕ ನಾಯಿ ಹಿತ್ತಲಲ್ಲೇ. ಮೂರು ವಾರ ಬಿಟ್ಟು ಇನ್ನೊಮ್ಮೆ ಹೊಡೆಸಬೇಕು, ಮೊಟ್ಟೆ ಒಡೆದು ಹೊಸವು ಬಂದಿರುತ್ತವೆ.

ಬೆಟಗೇರಿ ರೈತ:
ಕಾಕಾನ ಮಾತು ಕೇಳಬೇಡಪ್ಪಾ. ನಾನು ದನಕ್ಕೆ ಹಚ್ಚೋ ಔಷಧಿಯನ್ನ ಅಂದಾಜಿನ ಮೇಲೆ ನೀರಿಗೆ ಸುರಿದು ನಾಯಿ ಮೈ ತೊಳೆದೆ, ಅದು ಸುಮ್ನೆ ಕೂರದೆ ಮೈಯೆಲ್ಲ ನೆಕ್ಕಿಕೊಂಡಿತು. ಅರ್ಧ ತಾಸಿಗೆ ಜೊಲ್ಲು, ಕಾಲು ನಡುಕ. ಬೈಕ್ ಮೇಲೆ ಹೊತ್ತುಕೊಂಡು ಡಾಕ್ಟರ್ ಹತ್ತಿರ ಓಡಿದೆ, ಉಳೀತು. ಮನೇಲಿ ಬೆಕ್ಕಿದ್ದರೆ ಇನ್ನೂ ಹುಷಾರು, ಪರ್ಮೆಥ್ರಿನ್ ಇರೋ ನಾಯಿ ಮದ್ದು ಬೆಕ್ಕಿನ ಜೀವ ತೆಗೆಯುತ್ತೆ.

ಈಗ ಮಾತ್ರೆಯೇ ಕೊಡೋದು. ಫ್ಲುರಾಲನರ್ ಒಂದು ಕೊಟ್ಟರೆ ಸುಮಾರು 3 ತಿಂಗಳು ಬರುತ್ತೆ, ಆದರೆ ತುಟ್ಟಿ. ತಿಂಗಳಿಗೊಂದು ಕೊಡೋ ಅಫಾಕ್ಸೊಲನರ್ ಕೂಡ ಇದೆ. ತೂಕ ನೋಡಿ ಡಾಕ್ಟರೇ ಬರೆದು ಕೊಡಬೇಕು, ಫಿಟ್ಸ್ ಬರೋ ನಾಯಿ ಆದರೆ ಮೊದಲೇ ಹೇಳಬೇಕು. ಉಣ್ಣಿ ಕಚ್ಚಿದ ಮೇಲೇ ಸಾಯೋದು, ಹಾಗಾಗಿ ಮಾತ್ರೆ ಕೊಟ್ಟ ಮೇಲೂ ಒಂದೆರಡು ಕಂಡರೆ ಗಾಬರಿ ಬೇಡ.

ವಿದ್ಯಾನಗರ 3ನೇ ಕ್ರಾಸ್:
ಜ್ವರದ ಬಗ್ಗೆ ಯಾರೂ ಹೇಳಲೇ ಇಲ್ವಲ್ರೀ. ನಮ್ಮ ನಾಯಿ ಎರಡು ದಿನ ಊಟ ಬಿಟ್ಟಾಗ ಬಿಸಿಲಿಗೆ ಅಂದುಕೊಂಡ್ವಿ. ಮೂರನೇ ದಿನ ಮೂಗಲ್ಲಿ ರಕ್ತ. ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿತ್ತು, ಉಣ್ಣಿಯಿಂದ ಬರೋ ಎರ್ಲಿಕಿಯಾ ಅನ್ನೋ ಜ್ವರ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ 28 ದಿನ, ಚೇತರಿಸಿಕೊಂಡ್ತು ಅಂತ ನಡುವೆ ಬಿಡೋ ಹಾಗಿಲ್ಲ. ಗುಂಡನ ತುಟಿ ಎತ್ತಿ ವಸಡು ನೋಡು. ಬಿಳಚಿದ್ದರೆ ಇವತ್ತೇ ಹೋಗು. ಮತ್ತೆ ಉಗುರಲ್ಲಿ ಚಿವುಟಬೇಡ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆ.

ಕೆಲಗೇರಿ ಹುಡುಗ:
ಅಕ್ಕಾ, ಟಾರ್ಚ್ ಬಿಟ್ಟು ನೋಡಿದೆ. ಕ್ಯಾಲೆಂಡರ್ ಎತ್ತಿದರೆ ಹಿಂದೆ ದೊಡ್ಡ ಸಂತೆ! ವಸಡು ಕೆಂಪಗೇ ಇದೆ, ನಾಳೆ ಡಾಕ್ಟರ್ ಹತ್ತಿರ ಒಯ್ಯುತ್ತೇನೆ. ಎಮ್ಮೆ ಮನೆಯವರು ಮಾತ್ರ ಇನ್ನೂ ಮಾತಾಡ್ತಿಲ್ಲ, ನಾಲ್ಕು ದಿನದಿಂದ ಪಾಕೀಟ್ ಹಾಲಿನ ಚಹಾನೇ ಗತಿ.