ಕಿಟ್ಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಎಂತಹ ಊರು?

ಪ್ರಶ್ನೆ: ನಿವೃತ್ತ ಅಧ್ಯಾಪಕ, ಉಡುಪಿ

ಎಲ್ಲರಿಗೂ ನಮಸ್ಕಾರ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಬಳಸಿದ್ದೇನೆ. ಸುಮಾರು 70,000 ಶಬ್ದಗಳನ್ನು ಕಲೆಹಾಕಿದ ಆ ಮನುಷ್ಯ ಎಂತಹ ಊರಿನಿಂದ ಬಂದವರೆಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹುಡುಕಲಿಲ್ಲ. ಬಾಸೆಲ್ ಎಂಬ ಹೆಸರಿನಿಂದಾಗಿ ಅವರು ಸ್ವಿಟ್ಜರ್ಲೆಂಡಿನವರೆಂದೇ ಬಹುಕಾಲ ನಂಬಿದ್ದೆ. ಈಗ ಜರ್ಮನಿಯ ಬ್ರೆಮೆನ್‌ನಲ್ಲಿರುವ ಮಗಳು, ಮೇ ತಿಂಗಳಲ್ಲಿ ಬಂದರೆ ಅವರ ಹುಟ್ಟೂರು ತೋರಿಸುತ್ತೇನೆ ಎನ್ನುತ್ತಿದ್ದಾಳೆ. ಆ ಊರಿನ ಇತಿಹಾಸವೇನು, ಅಲ್ಲಿ ನೋಡುವುದಕ್ಕೆ ಏನಿದೆ, ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಕದ್ರಿಯ ಓದುಗ, ಮಂಗಳೂರು

ಮಾಷ್ಟ್ರೇ, ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕ್ಯಾಲೆಂಡರುಗಳಲ್ಲಿ ಕಾಣುವ ಬೆಟ್ಟ, ಕಾಡು, ಕೋಟೆಗಳ ಜರ್ಮನಿ ಅಲ್ಲಿಲ್ಲ. ರೆಸ್ಟರ್‌ಹಾಫೆ ಇರುವುದು ವಾಯವ್ಯ ಮೂಲೆಯ ಓಸ್ಟ್‌ಫ್ರೀಸ್‌ಲಾಂಡ್ ಎಂಬ ಸೀಮೆಯಲ್ಲಿ, ಉತ್ತರ ಸಮುದ್ರದಿಂದ ಕೆಲವೇ ಕಿಲೋಮೀಟರ್ ಒಳಗೆ. ಇಂದು ಅದು ಡೋರ್ನುಮ್ ಎಂಬ ಊರಿನ ಆಡಳಿತಕ್ಕೆ ಸೇರಿದ ಪುಟ್ಟ ಹಳ್ಳಿ. ಅಲ್ಲಿನ ಪಾದ್ರಿಯ ಮನೆಯಲ್ಲಿ 1832ರ ಏಪ್ರಿಲ್ 7ರಂದು ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದರು.

ಆಗ ಜರ್ಮನಿ ಎಂಬ ಒಂದೇ ದೇಶ ಇರಲಿಲ್ಲ. ಆ ಸೀಮೆ 1744ರಲ್ಲಿ ಪ್ರಶ್ಯದ ವಶವಾಗಿ, ನೆಪೋಲಿಯನ್ ಕಾಲದಲ್ಲಿ ಹಾಲೆಂಡ್, ಫ್ರಾನ್ಸ್‌ಗಳ ಕೈಗೆ ಹೋಗಿ, 1815ರಲ್ಲಿ ಹ್ಯಾನೋವರ್ ರಾಜ್ಯಕ್ಕೆ ಸೇರಿ, 1866ರಲ್ಲಿ ಮತ್ತೆ ಪ್ರಶ್ಯದ ಪಾಲಾಯಿತು. ಟಿಪ್ಪುವಿನಿಂದ ಕಂಪೆನಿಗೆ, ಮದರಾಸಿಗೆ, ಕೊನೆಗೆ ಮೈಸೂರು ರಾಜ್ಯಕ್ಕೆ ಕೈಬದಲಾದ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅದಕ್ಕೂ ಹಿಂದೆ, ಮಧ್ಯಯುಗದಲ್ಲಿ, ಅಲ್ಲಿನ ರೈತರು ಯಾವ ದೊರೆಗೂ ಒಕ್ಕಲಾಗಿರಲಿಲ್ಲ. ಔರಿಕ್ ಬಳಿಯ ಒಂದು ದಿಬ್ಬದಲ್ಲಿ ಆ ನಾಡಿನ ಪ್ರತಿನಿಧಿಗಳು ಸಭೆ ಸೇರುತ್ತಿದ್ದರು. ಆಮೇಲೆ ಪಾಳೆಯಗಾರರಂತಹ ಮುಖಂಡರು ತಲೆಯೆತ್ತಿದರು. ಡೋರ್ನುಮ್‌ನಲ್ಲಿ ಇಂದಿಗೂ ನಿಂತಿರುವ ಕೋಟೆಮನೆಗಳು ಅಂಥವರವು. ಅಲ್ಲಿನ ಚರ್ಚಿನಲ್ಲಿ ಗೆರ್ಹಾರ್ಡ್ ಫಾನ್ ಹೋಲಿ 1711ರ ಸುಮಾರಿಗೆ ಮುಗಿಸಿಕೊಟ್ಟ ಆರ್ಗನ್ ಇದೆ, ಅದನ್ನು ತಪ್ಪಿಸಿಕೊಳ್ಳಬೇಡಿ.

ಉತ್ತರ 2: ಕುದ್ರುವಿನ ಕೃಷಿಕ, ಬ್ರಹ್ಮಾವರದ ಕಡೆ

ಹಡಗಿನ ಕೆಲಸದಲ್ಲಿದ್ದಾಗ ನಾನು ಎಮ್ಡೆನ್ ಬಂದರಿನಲ್ಲಿ ಎರಡು ಚಳಿಗಾಲ ಕಳೆದವನು, ರಜೆಯ ದಿನಗಳಲ್ಲಿ ಸೈಕಲ್ ಹತ್ತಿ ಆ ಹಳ್ಳಿಗಳನ್ನು ಸುತ್ತಿದ್ದೇನೆ. ರಾಜಮನೆತನಗಳ ಕತೆಗಿಂತ ಆ ನೆಲದ ಕತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಯನ್ನು ವಿಂಗಡಿಸುವ ಹಾಗೆ ಅವರು ಸಮುದ್ರದ ಕೆಸರು ತುಂಬಿ ಆದ ತಗ್ಗು ನೆಲವನ್ನು ಮಾರ್ಶ್ ಎಂದೂ, ಒಳಗಿನ ಎತ್ತರದ ಮರಳು ನೆಲವನ್ನು ಗೇಸ್ಟ್ ಎಂದೂ ಕರೆಯುತ್ತಾರೆ. ಮಾರ್ಶ್‌ನಲ್ಲಿ ಹುಲ್ಲು ಸೊಂಪು, ಹಾಲು ಹೆಚ್ಚು. ಆದರೆ ನೆರೆಯ ಭಯ ಅಲ್ಲಿಯದೇ. ತಡೆದಂಡೆ ಕಟ್ಟುವುದನ್ನು ಕಲಿಯುವುದಕ್ಕೂ ಮುಂಚೆ ಜನರು ಮಣ್ಣು, ಗೊಬ್ಬರ ರಾಶಿ ಹಾಕಿ ಕೃತಕ ದಿಬ್ಬ ಎಬ್ಬಿಸಿ ಅದರ ಮೇಲೆ ಮನೆ ಮಾಡಿಕೊಂಡರು. ಹಳೆಯ ಹಳ್ಳಿಗಳ ಚರ್ಚುಗಳೂ ಸಾಮಾನ್ಯವಾಗಿ ಇಂತಹ ದಿಬ್ಬದ ಮೇಲೆಯೇ ಇರುತ್ತವೆ. ಮುರಕಲ್ಲು ಕಡಿದು ತರುವ ಸೌಕರ್ಯ ಅವರಿಗಿಲ್ಲವಾದ್ದರಿಂದ ಗೋಡೆಗಳು ಹೆಚ್ಚಾಗಿ ಸುಟ್ಟ ಇಟ್ಟಿಗೆಯವು. ಮೆತ್ತನೆಯ ನೆಲ ಎತ್ತರದ ಗೋಪುರದ ಭಾರ ತಾಳದು ಎಂದು ಹಲವೆಡೆ ಗಂಟೆಯನ್ನು ಚರ್ಚಿನಿಂದ ಬೇರೆಯಾದ ಗಿಡ್ಡ ಕಟ್ಟಡದಲ್ಲಿ ತೂಗುಹಾಕಿದ್ದಾರೆ.

1717ರ ಕ್ರಿಸ್‌ಮಸ್ ರಾತ್ರಿ ದಂಡೆಗಳು ಒಡೆದು ಉತ್ತರ ಸಮುದ್ರದ ಕರಾವಳಿಯುದ್ದಕ್ಕೂ 10,000ಕ್ಕೂ ಹೆಚ್ಚು ಜನ ಸತ್ತರು. ದಂಡೆಯ ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ತನ್ನ ಪಾಲಿನ ದಂಡೆಯನ್ನು ಕಾಪಾಡಲಾಗದ ರೈತ ಅದರಲ್ಲಿ ಗುದ್ದಲಿ ನೆಟ್ಟು ಊರು ಬಿಡಬೇಕಿತ್ತು. ಆ ಗುದ್ದಲಿಯನ್ನು ಕಿತ್ತವನಿಗೆ ಜಮೀನೂ ಸೇರುತ್ತಿತ್ತು, ದಂಡೆಯ ಹೊಣೆಯೂ ಸೇರುತ್ತಿತ್ತು. ಉಪ್ಪುನೀರು ನುಗ್ಗಿ ನಮ್ಮ ಕುದ್ರುವಿನ (ಹೊಳೆ ನಡುವಿನ ನಡುಗಡ್ಡೆಯ) ಗದ್ದೆ ಹಾಳಾದಾಗಲೆಲ್ಲ, ಒಡೆದ ದಂಡೆ ಯಾರು ಕಟ್ಟಬೇಕು ಎಂಬ ಚರ್ಚೆ ಮಳೆಗಾಲದವರೆಗೂ ಎಳೆಯುವುದನ್ನು ನೋಡಿ ನನಗೆ ಆ ಗುದ್ದಲಿ ನೆನಪಾಗುತ್ತದೆ.

ಮೇಯುವ ದನಗಳಿಗಿಂತ ಎತ್ತರದಲ್ಲಿ ಸಮುದ್ರವಿರುವ ದೃಶ್ಯ ಬೇಕಿದ್ದರೆ, ಉಬ್ಬರದ ಹೊತ್ತಿಗೆ ಡೋರ್ನುಮರ್‌ಸೀಲ್‌ಗೆ ಹೋಗಿ ದಂಡೆಯ ಮೇಲೆ ನಿಲ್ಲಿ. ಸೀಲ್ ಎಂದರೆ ನಮ್ಮ ಕಿಂಡಿ ಅಣೆಕಟ್ಟಿನ ದಾಯಾದಿ ಎನ್ನಬಹುದು. ವ್ಯತ್ಯಾಸವೇನೆಂದರೆ, ನಾವು ಮಳೆ ನಿಂತ ಮೇಲೆ ಹಲಗೆ ಇಳಿಸಿ ಸಿಹಿನೀರು ಹಿಡಿದಿಡುತ್ತೇವೆ, ಅವರಿಗೆ ನೀರು ಹೊರಹಾಕುವುದೇ ಚಿಂತೆ. ಹಳೆಯ ಸೀಲ್‌ನ ಬಾಗಿಲು ಇಳಿತದಲ್ಲಿ ಒಳನೀರಿನ ಒತ್ತಡಕ್ಕೆ ತಾನೇ ತೆರೆದು, ಉಬ್ಬರದಲ್ಲಿ ಸಮುದ್ರದ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ: ಹಳ್ಳಿಯ ಜನರ ಮಾತು ಜರ್ಮನ್ನೇ?

ಉತ್ತರ 3: ಕದ್ರಿಯ ಓದುಗ, ಮಂಗಳೂರು

ಶಾಲೆಯಲ್ಲಿ, ಕಚೇರಿಯಲ್ಲಿ ಜರ್ಮನ್. ಮನೆಯಲ್ಲಿ, ಅಂಗಡಿ ಜಗಲಿಯಲ್ಲಿ, ವಿಶೇಷವಾಗಿ ಹಿರಿಯರ ಬಾಯಲ್ಲಿ, ಪ್ಲಾಟ್ ಎಂಬ ಬೇರೆಯೇ ನುಡಿ. ತುಳು ಮನೆಯಿಂದ ಕನ್ನಡ ಶಾಲೆಗೆ ಹೋದ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ಎರಡು ನುಡಿಗಳ ನಡುವೆ ಬೆಳೆಯುವ ಊರು ನಿಘಂಟುಕಾರನ ಕಿವಿಗೆ ಒಳ್ಳೆಯ ತಾಲೀಮು ಎಂಬುದು ನನ್ನ ಅನಿಸಿಕೆ ಅಷ್ಟೆ, ಅದಕ್ಕೆ ಆಧಾರ ಕೇಳಬೇಡಿ.

ಉತ್ತರ 4: ಕುದ್ರುವಿನ ಕೃಷಿಕ, ಬ್ರಹ್ಮಾವರದ ಕಡೆ

ಯಾರಾದರೂ ಚಹಾಕ್ಕೆ ಕರೆದರೆ ಹೋಗಿ ಮಾಷ್ಟ್ರೇ. ಜರ್ಮನಿಯೆಲ್ಲ ಕಾಫಿ ಕುಡಿದರೂ ಆ ಸೀಮೆಯವರು ಚಹಾದವರು. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ ಹಾಕಿ ಬಿಸಿ ಚಹಾ ಸುರಿದಾಗ ಅದು ಸಣ್ಣಗೆ ಚಟಪಟ ಎನ್ನುತ್ತದೆ. ಮೇಲೆ ಒಂದು ಚಮಚ ಕೆನೆಯನ್ನು ಅಂಚಿನಿಂದ ಬಿಡುತ್ತಾರೆ, ಅದು ಮೋಡದ ಹಾಗೆ ಮೇಲೇಳುತ್ತದೆ. ಕಲಕಬಾರದು. ಮೂರು ಬಟ್ಟಲು ಕುಡಿಯುವುದು ವಾಡಿಕೆ. ಸಾಕು ಎನ್ನುವುದಕ್ಕೆ ಚಮಚವನ್ನು ಬಟ್ಟಲಿನೊಳಗೆ ಇಡಬೇಕು. ಇದು ತಿಳಿಯದೆ ನಾನು ಮೊದಲ ಸಲ ಆರು ಬಟ್ಟಲು ಕುಡಿದೆ.